ಮೇಲಿಂದ ಕೆಳಕ್ಕೆ

ಆ ಬಸ್ ನಿಲ್ದಾಣದಲ್ಲಿ ಅವಳ ದನಿ ಕೇಳದವರಿರಲಿಲ್ಲ, ಮುಖ ನೋಡಿದವರು ಮಾತ್ರ ಬೆರಳೆಣಿಕೆಯಷ್ಟು. ಇಪ್ಪತ್ತೆರಡು ವರ್ಷ ಅವಳು ಕೂತದ್ದು ಮೆಟ್ಟಿಲ ಕೆಳಗಿನ ಒಂದು ಗೂಡಿನಲ್ಲಿ. ಒಂದು ಮೇಜು, ಒಂದು ಮೈಕು, ಬಸ್ಸಿನ ವೇಳಾಪಟ್ಟಿ ಅಂಟಿಸಿದ ರಟ್ಟು, ಕಿಟಕಿ ತೆರೆದರೆ ಎದುರಿಗೆ ಹಿಂದಿನ ಕಾಂಪೌಂಡು ಗೋಡೆ. ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ಕೆಟ್ಟು ನಿಂತಿದೆ ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ಪ್ರತಿಯೊಂದನ್ನೂ ಎರಡು ಸಲ. ಮೊದಲ ಸಲಕ್ಕೆ ಜನ ತಲೆ ಎತ್ತುತ್ತಾರೆ, ಎರಡನೇ ಸಲಕ್ಕೆ ಕೇಳಿಸಿಕೊಳ್ಳುತ್ತಾರೆ ಎಂದು ಕೆಲಸಕ್ಕೆ ಸೇರಿದ ದಿನವೇ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ಡ್ರೈವರು ಕಂಡಕ್ಟರುಗಳೆಲ್ಲ ಅವಳನ್ನು ಮೈಕಕ್ಕ ಎಂದೇ ಕರೆಯುತ್ತಿದ್ದರು.

ಈಗ ಆ ಮೈಕಿಗೆ ಯಂತ್ರ ಬಂದಿತ್ತು. ಯಾರೋ ಮೂಗಿನಲ್ಲಿ ಮಾತಾಡುವ ಹುಡುಗಿಯ ದನಿಯನ್ನು ಅದರೊಳಗೆ ತುಂಬಿ ತಂದಿದ್ದರು. ಅದು ಹೇಳುವುದು ಒಂದೇ ಸಲ.

"ಸೋಮವಾರದಿಂದ ನೀವು ವಿಚಾರಣೆ ಕೌಂಟರಿಗೆ ಬನ್ನಿ. ಗಾಜಿನ ಹಿಂದೆ ಕೂರೋದು, ಜನ ಕೇಳಿದ್ದಕ್ಕೆ ಹೇಳೋದು. ಬಡ್ತಿ ಅಂತಾನೇ ಅಂದ್ಕೊಳ್ಳಿ" ಎಂದಿದ್ದರು ಸೂಪರ್‌ವೈಸರ್.

ಬಡ್ತಿಯಂತೆ ಬಡ್ತಿ! ಇಪ್ಪತ್ತೆರಡು ವರ್ಷ ದುಡಿದವಳನ್ನು ಒಂದು ಡಬ್ಬಿ ಬಂದು ಎಬ್ಬಿಸಿತ್ತು, ಇವರು ಅದಕ್ಕೆ ಬಡ್ತಿ ಎಂದು ಹೆಸರಿಟ್ಟರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಸಂಬಳ ಬರುವ ಕಡೆ ಮುಖ ಊದಿಸಿಕೊಂಡು ಎಷ್ಟು ದಿನ ಕೂರಲಾಗುತ್ತದೆ? ಸೋಮವಾರ ಬೆಳಿಗ್ಗೆ ಆ ಗಾಜಿನ ಹಿಂದೆ ಹೋಗಿ ಕೂತಾಗ ಮೂಲೆಗೆ ತಳ್ಳಿಸಿಕೊಂಡವಳ ಹಾಗೆ ಕಾಣಬಾರದು, ತಾನೇ ಇಷ್ಟಪಟ್ಟು ಹೊರಗೆ ಬಂದವಳ ಹಾಗೆ ಕಾಣಬೇಕು. ಅಷ್ಟೇ ಅವಳ ಆಸೆ.

ಕೂದಲಿಗೆ ಬಣ್ಣ ಹಾಕಿಕೊಳ್ಳುವ ಯೋಚನೆ ಬಂದದ್ದು ಹಾಗೆ. ಸೊಂಟ ಮುಟ್ಟುವ ಜಡೆ ಅವಳದು, ಒಂದೂ ನೆರೆ ಇಲ್ಲ. ಇಷ್ಟು ವರ್ಷ ಅದನ್ನು ನೋಡಿದ್ದು ಹಿಂದಿನ ಕಾಂಪೌಂಡು ಗೋಡೆ ಮಾತ್ರ. ಹತ್ತನೇ ತರಗತಿಯ ಮಗಳು ಫೋನಿನಲ್ಲಿ ಚಿತ್ರ ತೋರಿಸಿದಳು.

"ಇದಕ್ಕೆ ಓಂಬ್ರೆ ಅಂತಾರಮ್ಮ. ಮೇಲೆ ನಿನ್ನ ಕಪ್ಪು ಹಾಗೇ ಇರತ್ತೆ. ಭುಜದಿಂದ ಕೆಳಗೆ ನಿಧಾನಕ್ಕೆ ಕಂದು, ಆಮೇಲೆ ತುದಿಗೆ ಬರೋ ಹೊತ್ತಿಗೆ ಜೇನಿನ ಬಣ್ಣ. ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗಲ್ಲ."

"ಪಾರ್ಲರಿಗೆ ಹೋಗ್ಬೇಕಾ?"

"ಮನೇಲೇ ಮಾಡ್ಕೋಬಹುದು. ಎಲ್ಲರೂ ಮಾಡ್ಕೋತಾರೆ."

ಎಲ್ಲರೂ ಮಾಡಿಕೊಳ್ಳುತ್ತಾರೆ ಎಂಬ ಮಾತು ಕೇಳಿ ಎಷ್ಟು ಜನ ಹಾಳಾಗಿದ್ದಾರೋ, ಲೆಕ್ಕ ಇಟ್ಟವರಿಲ್ಲ. ಭಾನುವಾರ ಮಧ್ಯಾಹ್ನ ಮಗಳು ಡಬ್ಬ ತಂದುಕೊಟ್ಟಳು. ಒಳಗೊಂದು ಪುಡಿಯ ಪೊಟ್ಟಣ, ಒಂದು ಬಾಟಲಿ, ಪ್ಲಾಸ್ಟಿಕ್ ಕೈಗವಸು, ಒಂದು ಪುಟ್ಟ ಬ್ರಶ್ಶು. ಡಬ್ಬದ ಮೇಲಿನ ಬರಹ ಇರುವೆ ಸಾಲಿನಷ್ಟು ಸಣ್ಣದಾಗಿದ್ದರಿಂದ ಮಗಳೇ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಬಚ್ಚಲುಮನೆಯ ಕನ್ನಡಿಗೆ ಅಂಟಿಸಿದಳು: ತುದಿಯಿಂದ ಶುರು ಮಾಡು. ತುದಿಗೆ ಜಾಸ್ತಿ, ಮೇಲಕ್ಕೆ ಬರ್ತಾ ಕಮ್ಮಿ. ಬುಡದ ಹತ್ತಿರ ಹೋಗಲೇಬೇಡ. ಅಷ್ಟು ಮಾಡಿ ಅವಳು ಆಟದ ಅಭ್ಯಾಸಕ್ಕೆಂದು ಮೈದಾನಕ್ಕೆ ಓಡಿದಳು.

ಮೈಕಕ್ಕ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಳು. ಪುಡಿಗೆ ಬಾಟಲಿಯದನ್ನು ಸುರಿದು ಕಲಸಿದರೆ ಗಟ್ಟಿ ಹಿಟ್ಟಿನಂಥ ನೀಲಿ ಲೇಪ ಆಯಿತು. ವಾಸನೆಗೆ ಕಣ್ಣಲ್ಲಿ ನೀರು ಬಂತು, ಮೂಗು ಸೋರತೊಡಗಿತು. ಕೂದಲನ್ನು ಪಾಲು ಮಾಡಿ ಕ್ಲಿಪ್ಪು ಹಾಕಿಕೊಂಡು, ಮುಂದಿನ ಎರಡು ಎಳೆಗಳಿಗೆ ಚೀಟಿಯಲ್ಲಿದ್ದ ಹಾಗೆಯೇ ತುದಿಯಿಂದ ಹಚ್ಚಿದಳು. ಚೆನ್ನಾಗಿಯೇ ಹಚ್ಚಿದಳು. ಕಷ್ಟ ಬಂದದ್ದು ಬೆನ್ನ ಹಿಂದಿನ ಕೂದಲಿಗೆ. ಬಲಗೈ ಹಿಂದಕ್ಕೆ ಹೋದರೆ ಬ್ರಶ್ಶು ಎಲ್ಲಿದೆ ಎಂದು ತಿಳಿಯದು, ಮುಂದಕ್ಕೆ ಎಳೆದುಕೊಂಡರೆ ಕ್ಲಿಪ್ಪು ಕಳಚಿ ಎಲ್ಲ ಒಟ್ಟಿಗೆ ಬೀಳುತ್ತಿತ್ತು. ಮೂರು ಸಲ ಬಿತ್ತು. ಮೂರನೇ ಸಲಕ್ಕೆ ಅವಳು ಕ್ಲಿಪ್ಪನ್ನು ಬಕೆಟ್ಟಿಗೆ ಎಸೆದು, ಬಾಗಿಲು ತೆಗೆದು, ಕಣ್ಣೊರೆಸಿಕೊಳ್ಳುತ್ತ ನಿಂತಳು.

ಗಂಡ ಆಗತಾನೇ ನಿದ್ದೆ ಮುಗಿಸಿ ಎದ್ದು ಬಂದಿದ್ದ.

ಅವನು ಮನೆಗಳಿಗೆ ಬಣ್ಣ ಬಳಿಯುವವನು. ಸುಮ್ಮನೆ ಬಳಿಯುವವನಲ್ಲ, ಆ ಕಡೆಯ ನಾಲ್ಕು ಬಡಾವಣೆಗಳಲ್ಲಿ ನೆರಳುಗೋಡೆ ಎಂದರೆ ಅವನೇ. ಮೇಲೆ ಗಾಢ ನೀಲಿಯೋ ಹಸಿರೋ ಇದ್ದು, ಕೆಳಗೆ ಇಳಿಯುತ್ತ ಇಳಿಯುತ್ತ ತೆಳುವಾಗಿ, ನೆಲ ಮುಟ್ಟುವ ಹೊತ್ತಿಗೆ ಬಿಳಿಯಲ್ಲಿ ಕರಗಿಹೋಗುವ ಗೋಡೆ. ಅದನ್ನು ಮಾಡಿಸಿಕೊಳ್ಳಲು ಜನ ಅವನಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಕೈಯಲ್ಲಿ ಅಷ್ಟು ವಿದ್ಯೆ ಇತ್ತು. ಬಾಯಲ್ಲಿ ಮಾತ್ರ ಒಂದೇ ಒಂದು ಮಾತು ಇರಲಿಲ್ಲ, ತಪ್ಪಾಯ್ತು ಎನ್ನುವುದು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ಅವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಡಾಕ್ಟರ ಮನೆಯ ಗೋಡೆ ಗುಳ್ಳೆ ಎದ್ದರೆ ಗೋಡೆಯಲ್ಲೇ ತೇವ ಇತ್ತು. ಹಸಿರು ಗೇಟು ಬೂದು ಬಣ್ಣಕ್ಕೆ ತಿರುಗಿದರೆ ಬಿಸಿಲೇ ಸರಿಯಿರಲಿಲ್ಲ. ಇವರದೇ ಮಲಗುವ ಕೋಣೆಯ ಚಾವಣಿ ಹಪ್ಪಳದ ಹಾಗೆ ಎದ್ದು ಮುಖದ ಮೇಲೆ ಉದುರಿದಾಗ, ಅವಳು ಅಂಗಾತ ಮಲಗುವುದೇ ತಪ್ಪು ಎಂಬಷ್ಟರ ಮಟ್ಟಿಗೆ ವಾದ ಮಾಡಿದ್ದ.

"ಏನಿದು ಅವತಾರ?" ಎಂದ.

ಅವಳು ಹೇಳಿದಳು. ಮೇಲೆ ಕಪ್ಪು, ಕೆಳಗೆ ಬರ್ತಾ ತಿಳಿ, ಮಧ್ಯೆ ಗೆರೆ ಕಾಣಬಾರದು ಎಂದು. ಅವನ ಮುಖ ಅರಳಿತು.

"ಇಷ್ಟೇನಾ? ಇದು ನೆರಳುಗೋಡೆ ಕಣೆ! ನನ್ನ ಹೆಂಡ್ತಿಯಾಗಿ ಬಚ್ಚಲಲ್ಲಿ ಕೂತು ಒದ್ದಾಡ್ತಿದೀಯಲ್ಲ. ಬಾ ಹಿತ್ತಿಲಿಗೆ. ಇಲ್ಲಿ ಬೆಳಕೂ ಇಲ್ಲ, ಏನೂ ಇಲ್ಲ."

ಅವಳಿಗೆ ಎಲ್ಲೋ ಒಂದು ಕಡೆ ಬೇಡ ಅನ್ನಿಸಿತು. ಆದರೆ ತೋಳು ಸೋತಿತ್ತು, ಕಲಸಿಟ್ಟ ಲೇಪ ಒಣಗುತ್ತಿತ್ತು. ಮೇಲಾಗಿ, ಸುಳ್ಳು ಯಾಕೆ ಹೇಳಬೇಕು, ಗಂಡ ತನ್ನ ಕೂದಲು ಮುಟ್ಟಿ ಯಾವ ಕಾಲವಾಗಿತ್ತೋ. ಅವಳು ಹೋಗಿ ಅವನ ಕೆಲಸದ ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಅವನು ನೆಲಕ್ಕೆ ಹಳೆ ಪೇಪರು ಹಾಸಿದ, ಅವಳ ಹೆಗಲಿಗೆ ಗೋಣಿಬಟ್ಟೆ ಹೊದಿಸಿದ, ಡಬ್ಬದ ಪುಟ್ಟ ಬ್ರಶ್ಶನ್ನು ನೋಡಿ ನಕ್ಕು ತನ್ನದೇ ಎರಡಿಂಚಿನ ಬ್ರಶ್ಶನ್ನು ತೊಳೆದು ತಂದ. ಮಗಳ ಚೀಟಿ ಬಚ್ಚಲುಮನೆಯ ಕನ್ನಡಿಯ ಮೇಲೆಯೇ ಉಳಿಯಿತು.

ನೆತ್ತಿಗೆ ತಣ್ಣಗೆ ತಗಲಿತು.

"ರೀ, ಮೇಲೆ ಯಾಕೆ ಹಚ್ತಿದೀರಿ? ತುದಿಯಿಂದ ಅಂದಳು ಮಗಳು."

"ಮಗಳಿಗೇನು ಗೊತ್ತು? ಕೆಳಗಿಂದ ಶುರು ಮಾಡಿದ್ರೆ ಮೇಲಿಂದು ಸೋರಿ ಕೆಳಗಿಂದನ್ನ ಕೆಡಿಸತ್ತೆ. ಬಣ್ಣ ಅಂದ್ರೆ ಮೇಲಿಂದ ಕೆಳಕ್ಕೆ. ನಿಂಗೆ ಮೇಲೆ ಗಾಢ ಬೇಕು ತಾನೆ?"

"ಹೂಂ."

"ಗಾಢ ಬೇಕಾದ ಕಡೆ ದಪ್ಪ, ತಿಳಿ ಬೇಕಾದ ಕಡೆ ತೆಳು. ಸುಮ್ನೆ ಕೂತ್ಕೋ."

ಮಾತು ಸರಿಯಾಗಿಯೇ ಕೇಳಿಸಿತು, ಅದೇ ತೊಂದರೆ. ಗೋಡೆಗಾಗಿದ್ದರೆ ಅದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನೀಲಿ ಲೇಪವನ್ನು ಅವನು ನೆತ್ತಿಯ ಸುತ್ತ ದಪ್ಪಗೆ ಮೆತ್ತಿದ, ಕಿವಿಯ ಮಟ್ಟಕ್ಕೆ ಬರುವಾಗ ಬ್ರಶ್ಶಿನ ಒತ್ತು ಸಡಿಲಿಸಿದ, ಭುಜದ ಕೆಳಗೆ ಅರೆಒಣಗಿದ ಬ್ರಶ್ಶಿನಿಂದ ಗಾಳಿ ಸವರಿದ ಹಾಗೆ ಎಳೆದು ಬಿಟ್ಟ. ತುದಿಗೆ ಏನೂ ಇಲ್ಲ. ಎಂಥ ಕೈ! ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಆಮೇಲೆ ಹತ್ತು ನಿಮಿಷ ಬಿಟ್ಟು, ಒಳ್ಳೆ ಕೆಲಸಗಾರರು ಮಾಡುವ ಹಾಗೆ, ನೆತ್ತಿಗೆ ಎರಡನೇ ಕೋಟು ಹೊಡೆದ.

"ಉರೀತಿದೆ ರೀ."

"ಒಣಗ್ತಾ ಇದೆ, ಅಷ್ಟೇ."

"ಒಣಗೋದು ಹೀಗೆ ಉರಿಯತ್ತಾ?"

"ಅರ್ಧಕ್ಕೆ ಮುಟ್ಟಿದ್ರೆ ಕಲೆ ಬೀಳತ್ತೆ ನೋಡು. ನಲವತ್ತು ನಿಮಿಷ ಅಂತ ಡಬ್ಬದ ಮೇಲಿದೆ."

ಡಬ್ಬದ ಮೇಲೆ ಅವನು ಓದಿದ್ದು ಅದೊಂದೇ. ಮೈಕಕ್ಕ ಅಂಡು ಸುಟ್ಟ ಬೆಕ್ಕಿನ ಹಾಗೆ ಸ್ಟೂಲಿನ ಮೇಲೆ ಆ ಕಡೆ ಈ ಕಡೆ ಹೊರಳುತ್ತ ನಲವತ್ತು ನಿಮಿಷ ಕಳೆದಳು. ಆಮೇಲೆ ಓಡಿಹೋಗಿ ತಲೆಗೆ ತಣ್ಣೀರು ಸುರಿದುಕೊಂಡು, ಟವೆಲ್ಲಿನಲ್ಲಿ ಒರೆಸಿಕೊಂಡು, ಕನ್ನಡಿ ನೋಡಿದಳು.

ನೆತ್ತಿಯೆಲ್ಲ ಒಣಹುಲ್ಲಿನ ಬಣ್ಣ. ಕಿವಿಯಿಂದ ಭುಜದವರೆಗೆ ಗೇಟಿಗೆ ಹೊಡೆಯುವ ಕೆಂಪು ಪ್ರೈಮರಿನ ಬಣ್ಣ. ಅಲ್ಲಿಂದ ಕೆಳಗೆ, ಸೊಂಟದವರೆಗೆ, ಹುಟ್ಟಿದಾಗಿನಿಂದ ಇದ್ದ ಅಪ್ಪಟ ಕಪ್ಪು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗೊತ್ತಾಗದ ಹಾಗೆ ಒಂದರೊಳಗೊಂದು ಕರಗಿತ್ತು. ಅಷ್ಟು ನಾಜೂಕಾದ ಕೆಲಸ, ಪೂರ್ತಿ ತಲೆಕೆಳಗು. ಅವಳೇ ಹಚ್ಚಿಕೊಂಡ ಮುಂದಿನ ಎರಡು ಎಳೆಗಳು ಮಾತ್ರ ತುದಿಯಲ್ಲಿ ಜೇನಿನ ಬಣ್ಣಕ್ಕೆ ತಿರುಗಿ, ಚಿತ್ರದಲ್ಲಿದ್ದ ಹಾಗೆಯೇ ಚೆಂದವಾಗಿ, ಕೆನ್ನೆಯ ಎರಡೂ ಕಡೆ ತೂಗುತ್ತಿದ್ದವು. ಪಕ್ಕದಲ್ಲಿ ಮಗಳ ಚೀಟಿ. ಬುಡದ ಹತ್ತಿರ ಹೋಗಲೇಬೇಡ.

"ರೀ!"

ಆ ಕೂಗು ಮೈಕಿಲ್ಲದೆಯೇ ಮೂರು ಮನೆ ದಾಟಿತು. ಅವನು ಬಂದು ಬಾಗಿಲಲ್ಲಿ ನಿಂತ. ನೋಡಿದ. ಗಂಟಲು ಸರಿಮಾಡಿಕೊಂಡ.

"ನಿನ್ನ ಕೂದಲಲ್ಲೇ ತೇವ ಇತ್ತು ಅನ್ಸತ್ತೆ" ಎಂದ.

ಅವಳಿಗೆ ಕೈಗೆ ಸಿಕ್ಕ ಚೊಂಬನ್ನು ಎತ್ತಿ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಹಲ್ಲು ಕಚ್ಚಿ ಕೆಳಗಿಟ್ಟಳು.

"ಇವೆರಡು ನಾನು ಮಾಡ್ಕೊಂಡಿದ್ದು. ಸರಿಯಾಗೇ ಬಂದಿದೆಯಲ್ಲ? ಇದರಲ್ಲಿ ತೇವ ಇರ್ಲಿಲ್ವಾ?"

"ಅದು ಮುಂದಿನ ಕೂದಲು. ಬಿಸಿಲು ಬಿದ್ದು ಬಿದ್ದು ಹದವಾಗಿರತ್ತೆ."

"ಬಿಸಿಲು! ಇಪ್ಪತ್ತೆರಡು ವರ್ಷ ಮೆಟ್ಟಿಲ ಕೆಳಗೆ ಕೂತೋಳ ತಲೆಗೆ ಯಾವ ಬಿಸಿಲು ರೀ?"

ಅಷ್ಟರಲ್ಲಿ ಮಗಳು ಬಂದಳು. ಅಮ್ಮನನ್ನು ನೋಡಿ ಮೊದಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಆಮೇಲೆ ತಡೆಯಲಾರದೆ ನಕ್ಕಳು, ಆಮೇಲೆ ಅಮ್ಮನ ಕಣ್ಣು ನೋಡಿ ನಗು ನುಂಗಿಕೊಂಡಳು. ಮೂಲೆಮನೆಯಲ್ಲಿ ಪಾರ್ಲರ್ ಇಟ್ಟಿದ್ದ ಹೆಂಗಸಿಗೆ ಫೋನು ಮಾಡಿದಳು. ಇನ್ನು ಹದಿನೈದು ದಿನ ಈ ತಲೆಗೆ ಕಪ್ಪೂ ಹಚ್ಚುವ ಹಾಗಿಲ್ಲ, ಏನೂ ಹಚ್ಚುವ ಹಾಗಿಲ್ಲ, ಹಚ್ಚಿದರೆ ಕೂದಲು ಕೈಗೇ ಬರುತ್ತದೆ ಎಂದು ಆಕೆ ಖಡಾಖಂಡಿತವಾಗಿ ಹೇಳಿದಳು.

"ಅಪ್ಪಾ," ಎಂದಳು ಮಗಳು, "ಅದು ಬಣ್ಣ ಹಚ್ಚೋ ಲೇಪ ಅಲ್ಲ. ಇರೋ ಬಣ್ಣ ತೆಗೆಯೋ ಲೇಪ. ಎಲ್ಲಿ ದಪ್ಪ ಹಾಕ್ತೀವೋ ಅಲ್ಲಿ ಪೂರ್ತಿ ಹೋಗತ್ತೆ. ಅದೂ ನೆತ್ತಿ ಬಿಸಿಗೆ ಇನ್ನೂ ಬೇಗ."

ಗಂಡ ತನ್ನ ಕೈಯಲ್ಲಿದ್ದ ಎರಡಿಂಚಿನ ಬ್ರಶ್ಶನ್ನು ನೋಡಿದ. ಅವನಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಮೈಕಕ್ಕ ಕಣ್ಣಾರೆ ಕಂಡಳು. ಅವನ ಕಿವಿಯ ತುದಿ ಕೆಂಪಾಯಿತು, ತುಟಿ ಒಂದಿಷ್ಟು ಅಲುಗಿತು. ಅವಳು ಕಾದಳು. ಆ ಕ್ಷಣದಲ್ಲಿ ಅವನೇನಾದರೂ ಆ ಒಂದು ಮಾತು ಹೇಳಿದ್ದರೆ ಅವಳು ಈ ತಲೆಯಲ್ಲೇ, ನಗುನಗುತ್ತ, ಗಾಜಿನ ಹಿಂದೆ ಹೋಗಿ ಕೂರುತ್ತಿದ್ದಳು.

"ಅಂಥದ್ದನ್ನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕ್ಬೇಕಪ್ಪ ಕಂಪನಿಯೋರು," ಎಂದು ಅವನು ಬ್ರಶ್ಶು ತೊಳೆಯಲು ಹಿತ್ತಿಲಿಗೆ ನಡೆದ.

ಮೈಕಕ್ಕನಿಗೆ ಅಳು ಬಂತು. ಕೂದಲಿಗಲ್ಲ. ಯಂತ್ರ ಬಂದು ಕುರ್ಚಿ ಕಿತ್ತುಕೊಂಡಿತು, ಯಾರೂ ತಪ್ಪಾಯ್ತು ಅನ್ನಲಿಲ್ಲ, ಬಡ್ತಿ ಅಂದರು. ಗಂಡ ತಲೆ ಕೆಡಿಸಿದ, ಅವನೂ ಅನ್ನಲಿಲ್ಲ. ತನಗೆ ಆದದ್ದೆಲ್ಲ ಯಾರ ತಪ್ಪೂ ಅಲ್ಲದೆ ಆಗುತ್ತಿದೆಯಲ್ಲ ಎಂದು ಅವಳಿಗೆ ರೋಸಿಹೋಯಿತು. ಆ ಸಂಜೆ ಅವಳು ಅವನೊಂದಿಗೆ ಮಾತಾಡಲಿಲ್ಲ. ಅವನು ಎರಡು ಸಲ ಟೀ ಮಾಡಿ ತಂದಿಟ್ಟ, ಎರಡು ಸಲವೂ ತಣ್ಣಗಾಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ತಲೆಗೆ ಬಿಗಿಯಾಗಿ ಸ್ಕಾರ್ಫು ಕಟ್ಟಿಕೊಂಡು ಗಾಜಿನ ಹಿಂದೆ ಕೂತಳು. ಕೌಂಟರು ಸಾಲು ಬೆಂಚುಗಳ ಎದುರಿಗೇ ಇತ್ತು. ಗಾಜಿನ ಕೆಳಗೆ ಚೀಟಿ ತೂರಿಸಲು ಅಂಗೈ ಅಗಲದ ಒಂದು ಕಿಂಡಿ, ಒಳಗೆ ಬೇಕಾದ ಹಾಗೆ ಬಗ್ಗಿಸಬಹುದಾದ ಕತ್ತಿನ ಒಂದು ಪುಟ್ಟ ಮೈಕು.

"ಹಸಿರು ಗುಂಡಿ ಒತ್ತಿದ್ರೆ ಎದುರಿಗೆ ನಿಂತೋರಿಗೆ ಕೇಳಿಸತ್ತೆ," ಎಂದರು ಸೂಪರ್‌ವೈಸರ್. "ಕೆಂಪು ಒತ್ತಿದ್ರೆ ಇಡೀ ನಿಲ್ದಾಣಕ್ಕೆ. ಅದನ್ನ ಮುಟ್ಟಬೇಡಿ. ಮಕ್ಕಳು ಕಳೆದುಹೋದ್ರೆ, ಬ್ಯಾಗು ಕಳೆದುಹೋದ್ರೆ ಮಾತ್ರ."

ಜನ ಬಂದರು. ಬರದೆ ಏನು? ಯಂತ್ರ ಒಂದೇ ಸಲ ಹೇಳುತ್ತಿತ್ತು, ಅದೂ ಮೂಗಿನಲ್ಲಿ. ಅದು ಹೇಳಿದ ಮರುಗಳಿಗೆ ಹತ್ತು ಜನ ಗಾಜಿನ ಮುಂದೆ ಬಂದು, ಈಗ ಅದೇನು ಹೇಳಿತು ಎಂದು ಕೇಳುತ್ತಿದ್ದರು. ಮೈಕಕ್ಕ ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಿದಳು. ಒಂಬತ್ತೂವರೆಯ ಹೊತ್ತಿಗೆ ಸ್ಕಾರ್ಫಿನ ಒಳಗೆ ಬೆವರು ಹರಿದು, ಸುಟ್ಟ ನೆತ್ತಿ ಚುರುಗುಟ್ಟತೊಡಗಿತು. ಹತ್ತಕ್ಕೆ ಸಹನೆ ಮುಗಿಯಿತು. ಹಾಳಾಗಿ ಹೋಗಲಿ ಎಂದು ಸ್ಕಾರ್ಫನ್ನು ಕಿತ್ತು ಡ್ರಾಯರಿಗೆ ತುರುಕಿದಳು.

ಬೆಂಚಿನ ಮೇಲಿದ್ದವರೆಲ್ಲ ತಲೆ ಎತ್ತಿದರು. ಒಂದು ಮಗು ಕಡಲೆ ತಿನ್ನುವುದನ್ನು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿತು. ಒಬ್ಬ ಅಜ್ಜ ಬಸ್ಸಿನ ಸಮಯ ಕೇಳಲು ಬಂದವನು ಮರೆತು ಹಾಗೆಯೇ ನಿಂತ. ಹಳೆಯ ಕಂಡಕ್ಟರೊಬ್ಬ ಟಿಕೆಟ್ ಚೀಲ ಹೆಗಲಿಗೇರಿಸಿಕೊಂಡು ಬಂದು ಗಾಜಿಗೆ ಮೂಗು ತಾಗಿಸಿದ.

"ಮೈಕಕ್ಕಾ, ನೀವೇನಾ? ತಲೆ ಯಾರು ಮಾಡಿದ್ದು?"

"ಗೋಡೆ ಬಳಿಯೋರು," ಎಂದಳು. ಅವನು ಅದನ್ನು ತಮಾಷೆ ಎಂದುಕೊಂಡು ನಕ್ಕು ಹೋದ.

ಹನ್ನೊಂದು ಗಂಟೆಗೆ ಅವಳು ಸರತಿಯ ಕೊನೆಯಲ್ಲಿ ಗಂಡನನ್ನು ಕಂಡಳು. ಬಣ್ಣದ ಚುಕ್ಕೆ ಬಿದ್ದ ಕೆಲಸದ ಅಂಗಿ, ಕೈಯಲ್ಲಿ ಅವಳ ಊಟದ ಡಬ್ಬಿ. ಬೆಳಿಗ್ಗೆ ಸಿಟ್ಟಿನಲ್ಲಿ ಬಿಟ್ಟು ಬಂದಿದ್ದಳು. ತನ್ನ ಸರದಿ ಹತ್ತಿರ ಬಂದಾಗಲೆಲ್ಲ ಅವನು ಹಿಂದಿನವರಿಗೆ ದಾರಿ ಬಿಟ್ಟುಕೊಡುತ್ತಿದ್ದ. ನಾಲ್ಕು ಜನರನ್ನು ಹಾಗೆ ಕಳಿಸಿದ. ಕೊನೆಗೆ ಬಿಡಲು ಯಾರೂ ಉಳಿಯಲಿಲ್ಲ.

"ಎಲ್ಲಿಗೆ?" ಎಂದಳು ಅವಳು, ಬೇರೆಯವರಿಗೆ ಕೇಳುವ ಹಾಗೆಯೇ.

"ಎಲ್ಲಿಗೂ ಇಲ್ಲ." ಡಬ್ಬಿ ಕಿಂಡಿಯಲ್ಲಿ ತೂರಲಿಲ್ಲ, ಅದನ್ನು ಕಟ್ಟೆಯ ಮೇಲಿಟ್ಟ. "ಇವತ್ತು ಹೊಸ ಗೋಡೆ ಶುರು ಮಾಡ್ಬೇಕಿತ್ತು. ಏಣಿ ಹತ್ತಿದೆ. ಮೇಲೆ ಬ್ರಶ್ಶು ಇಡೋಕೆ ಹೋದ್ರೆ ನಿನ್ನ ನೆತ್ತೀನೇ ಕಣ್ಮುಂದೆ ಬರತ್ತೆ. ಇಳಿದು ಬಂದ್ಬಿಟ್ಟೆ."

ಅವನು ಕಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತ, ನೆಲ ನೋಡುತ್ತ, ಏನೋ ಗೊಣಗಿದ. ಅದೇ ಹೊತ್ತಿಗೆ ಹಿಂದೆ ಒಂದು ಬಸ್ಸು ಹಾರ್ನು ಹೊಡೆಯಿತು.

ಅವಳಿಗೆ ಕೇಳಿಸಿತು. ಇಪ್ಪತ್ತೆರಡು ವರ್ಷ ಹಾರ್ನುಗಳ ನಡುವೆ ಬದುಕಿದ ಕಿವಿಗೆ ಗಂಡನ ದನಿ ಕೇಳಿಸದೆ ಇರುತ್ತದೆಯೇ? ಹತ್ತೊಂಬತ್ತು ವರ್ಷದಿಂದ ಆ ಕಿವಿ ಕಾದು ಕೂತದ್ದು ಅದೇ ಮಾತಿಗೆ.

"ಕೇಳಿಸ್ಲಿಲ್ಲ," ಎಂದಳು. ಮೈಕಿನ ಕತ್ತು ಬಗ್ಗಿಸಿ, ಅದರ ಮೂತಿಯನ್ನು ಕಿಂಡಿಯಿಂದ ಹೊರಗೆ ತೂರಿಸಿ ಅವನ ಬಾಯಿಯ ಹತ್ತಿರ ಹಿಡಿದಳು. "ಇದರಲ್ಲಿ ಹೇಳಿ." ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು. ಕೆಂಪು ಗುಂಡಿ.

"ತಪ್ಪಾಯ್ತು ಅಂದೆ," ಎಂದ ಅವನು. "ನಂದೇ ತಪ್ಪು. ತುದಿಯಿಂದ ಹಚ್ಚಬೇಕಿತ್ತು, ನಾನು ಬುಡಕ್ಕೆ ಮೆತ್ತಿದೆ. ಕೂದಲಲ್ಲಿ ತೇವ ಇರ್ಲಿಲ್ಲ."

ಹನ್ನೆರಡು ಪ್ಲಾಟ್‌ಫಾರಮ್ಮುಗಳ ಹನ್ನೆರಡು ಸ್ಪೀಕರುಗಳಲ್ಲಿ ಅದು ಒಟ್ಟಿಗೆ ಮೊಳಗಿತು. ಬೆಂಚುಗಳ ಮೇಲೆ ಮಾತು ನಿಂತಿತು. ಒಬ್ಬ ಡ್ರೈವರು ಹೊರಡಿಸಿದ್ದ ಬಸ್ಸನ್ನು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಕೂದಲಲ್ಲಿ ತೇವ ಇರ್ಲಿಲ್ಲ ಎಂದು ತನ್ನದೇ ದನಿ ದೂರದ ಶೌಚಾಲಯದ ಗೋಡೆಗೆ ಬಡಿದು ತಿರುಗಿ ಬಂದಾಗ ಗಂಡನಿಗೆ ಏನಾಯಿತೆಂದು ತಿಳಿಯಿತು. ಅವನ ಮುಖ ಪ್ರೈಮರಿನ ಬಣ್ಣಕ್ಕೆ ತಿರುಗಿತು. ಜನ ಅವನನ್ನು ನೋಡಿದರು, ಗಾಜಿನ ಹಿಂದಿನ ತಲೆಯನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ಆ ಕಡೆಯಿಂದ ಸೂಪರ್‌ವೈಸರ್ ಎರಡೂ ಕೈ ಬೀಸುತ್ತ ಓಡಿ ಬರುತ್ತಿದ್ದರು.

ಮೈಕಕ್ಕ ಗುಂಡಿಯಿಂದ ಬೆರಳು ತೆಗೆಯಲಿಲ್ಲ.

"ಇನ್ನೊಂದು ಸಲ ಹೇಳಿ," ಎಂದಳು. "ಪ್ರಕಟಣೆ ಅಂದ್ರೆ ಎರಡು ಸಲ."

ಅವನು ಓಡಿಹೋಗುತ್ತಾನೆ ಎಂದೇ ಅವಳು ಅಂದುಕೊಂಡಿದ್ದಳು. ಅವನು ಒಮ್ಮೆ ಹಿಂದೆ ತಿರುಗಿ ಅಷ್ಟೂ ಜನರನ್ನು ನೋಡಿದ. ಆಮೇಲೆ ಗಾಜಿನ ಹಿಂದಿನ ಒಣಹುಲ್ಲಿನ ನೆತ್ತಿಯನ್ನು, ಕೆನ್ನೆಯ ಪಕ್ಕದ ಎರಡು ಜೇನಿನ ಎಳೆಗಳನ್ನು ನೋಡಿದ. ಮೈಕಿಗೆ ಬಾಗಿ, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದ. ಈ ಸಲ ಒಂದು ಅಕ್ಷರವನ್ನೂ ನುಂಗಲಿಲ್ಲ.